ಬಸ್ಸಾರಿಗೆ ಮರಳು ಇಳಿಯದಂತೆ

ಬಸ್ಸಾರು ಮಾಡುವ ಮನೆಯಲ್ಲಿ ಸೊಪ್ಪು ತೊಳೆಯುವುದರಲ್ಲಿ ಉದಾಸೀನ ನಡೆಯುವುದಿಲ್ಲ. ಬೇಳೆಯ ಜೊತೆ ಸೊಪ್ಪು ಬೇಯಿಸಿ, ಬಸಿದ ಕಟ್ಟಿನಲ್ಲೇ ಸಾರು ಮಾಡುತ್ತೇವಲ್ಲ, ಎಲೆಯಲ್ಲಿ ಉಳಿದ ಮರಳೆಲ್ಲ ಆ ಕಟ್ಟಿಗೇ ಇಳಿಯುತ್ತದೆ. ಮುದ್ದೆ ಅದ್ದಿದ ಮೊದಲ ತುತ್ತೇ ಕರಕರ ಅನ್ನುತ್ತದೆ.

ಬಾಬುರಾಯನಕೊಪ್ಪಲಿನಲ್ಲಿ ನಮಗೆ ಸಿಗುವ ದಂಟು, ಕೀರೆ ಬೇರುಸಮೇತ ಬರುತ್ತವೆ. ಮೊದಲು ಬೇರು ಕತ್ತರಿಸಿ, ಹಳದಿ ಎಲೆ, ಕೊಳೆತದ್ದು, ಹುಲ್ಲುಕಡ್ಡಿ ತೆಗೆದು ಸೋಸುತ್ತೇನೆ. ಎಲೆಯ ಹಿಂಬದಿ ನೋಡುವುದು ಮುಖ್ಯ, ಹುಳು, ಸಸ್ಯಹೇನು ಅಂಟಿಕೊಳ್ಳುವುದು ಅಲ್ಲೇ. ಆಮೇಲೆ ದೊಡ್ಡ ಬೇಸಿನ್ ತುಂಬ ನೀರಿಗೆ ಸೊಪ್ಪು ಹಾಕಿ, ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡಬೇಕು. ಮಣ್ಣು ತಳ ಸೇರುತ್ತದೆ. ಆಗ ಸೊಪ್ಪನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿಕೊಳ್ಳಬೇಕು. ಬೇಸಿನ್ ಬಗ್ಗಿಸಿ ನೀರು ಚೆಲ್ಲಿದರೆ ತಳದ ಮರಳು ಮತ್ತೆ ಸೊಪ್ಪಿನ ಮೇಲೇ ಕೂರುತ್ತದೆ. ತಳ ಬೆರಳಿಗೆ ನುಣ್ಣಗೆ ಸಿಗುವವರೆಗೂ ನೀರು ಬದಲಿಸುತ್ತೇನೆ. ಸಬ್ಬಸಿಗೆಗೆ ಒಂದು ನೀರು ಹೆಚ್ಚೇ ಬೇಕು, ಅದರ ಎಳೆಗಳಲ್ಲಿ ಮಣ್ಣು ಸಿಕ್ಕಿಕೊಳ್ಳುತ್ತದೆ.

ಹೆಚ್ಚುವುದು ಇದೆಲ್ಲ ಆದ ಮೇಲೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ ತರಕಾರಿಯನ್ನು ಹೆಚ್ಚುವ ಮೊದಲೇ ತೊಳೆಯಿರಿ ಎನ್ನುತ್ತದೆ. ಹೆಚ್ಚಿದ ಸೊಪ್ಪಿನಿಂದ ಸಿ ಜೀವಸತ್ವ, ಫೋಲೇಟ್ ನೀರಿಗೆ ಕರಗಿಹೋಗುತ್ತವೆ.

ಉಪ್ಪುನೀರಿನಲ್ಲಿ ನೆನೆಸಿದರೆ ಹುಳು ಬಿಟ್ಟುಕೊಳ್ಳುತ್ತವೆ, ನಿಜ. ಅದರಿಂದ ರೋಗಾಣು ಸಾಯುತ್ತದೆ, ಬೆಳೆಗೆ ಹೊಡೆದ ಔಷಧಿಯೆಲ್ಲ ಹೋಗುತ್ತದೆ ಎಂದು ನಂಬಬಾರದು. ಅಡುಗೆ ಸೋಡಾಕ್ಕೂ ಮಿತಿಯಿದೆ. 2017ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು ಸೇಬಿಗೆ ಎರಡು ಬಗೆಯ ಔಷಧಿ ಹಚ್ಚಿ ಅಡುಗೆ ಸೋಡಾ ನೀರಿನಲ್ಲಿ ತೊಳೆದು ನೋಡಿದರು. ಮೇಲ್ಮೈಯ ಔಷಧಿ 12ರಿಂದ 15 ನಿಮಿಷದಲ್ಲಿ ಹೋಯಿತು, ಸಿಪ್ಪೆಯೊಳಗೆ ಇಳಿದದ್ದು ಹೋಗಲಿಲ್ಲ. ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್ ಮಾತ್ರ ಸೊಪ್ಪಿನ ಹತ್ತಿರ ಸುಳಿಯಲೇಬಾರದು, ಎಲೆ ಅದನ್ನು ಹೀರಿಕೊಳ್ಳುತ್ತದೆ.

ಒಳಗೆ ಇಳಿದ ಔಷಧಿ ತೊಳೆದರೆ ಹೋಗುವುದಿಲ್ಲ, ಹಾಗಾಗಿ ಹೊಲ, ಬದುಗಳಿಂದ ಕಿತ್ತು ತರುವ ಬೆರಕೆ ಸೊಪ್ಪು ಕೊಳ್ಳುವಾಗ ನಾನು ಬೆಲೆಗಿಂತ ಮೊದಲು ಜಾಗ ಕೇಳುತ್ತೇನೆ.

“ಎಲ್ಲಿ ಕಿತ್ತಿದ್ದಕ್ಕಾ?”

“ನಮ್ಮ ರಾಗಿ ಹೊಲದ್ದೇ ಕಣವ್ವ, ಕಳೆ ಔಷಧಿ ಹೊಡ್ದಿಲ್ಲ.”

ಈ ಮಾತು ನನಗೆ ಬಹಳ ದೊಡ್ಡದು. ಕಬ್ಬಿನ ಗದ್ದೆಯ ಬದುವಿಗೆ ಹೊಡೆಯುವ ಕಳೆ ಔಷಧಿಗಳಲ್ಲಿ ಗಿಡದೊಳಗೇ ಹರಿಯುವಂಥವಿವೆ, ಎಷ್ಟು ನೀರು ಸುರಿದರೂ ಅವು ಹೊರಬರುವುದಿಲ್ಲ. ನಾಲೆ ಪಕ್ಕದ ಹೊನಗೊನೆ, ಒಂದೆಲಗಕ್ಕೆ ಇನ್ನೊಂದು ಭಯವಿದೆ. ಕೊಳಚೆ ಸೇರಿದ ನೀರಿನಿಂದ ರೋಗಾಣು, ಲಾಡಿಹುಳುವಿನ ಮೊಟ್ಟೆ ಎಲೆಗೆ ಅಂಟಿರಬಹುದು. ಹೊನಗೊನೆ ಚೆನ್ನಾಗಿ ಬೇಯುತ್ತದೆ, ಚಿಂತೆಯಿಲ್ಲ. ಒಂದೆಲಗವನ್ನು ಹಸಿಯಾಗಿ ಚಟ್ನಿ ಅರೆಯುತ್ತೇವೆ. ಅದನ್ನು ಒಂದೊಂದೇ ಎಲೆ ಉಜ್ಜಿ ತೊಳೆದು, ಕೊನೆಯ ನೀರಿಗೆ ಕಾಯಿಸಿ ಆರಿಸಿದ್ದನ್ನೇ ಬಳಸುತ್ತೇನೆ. ಜಾಗ ಗೊತ್ತಿಲ್ಲದ ಒಂದೆಲಗವನ್ನು ಮಕ್ಕಳಿಗೆ ಹಸಿಯಾಗಿ ಕೊಡುವುದೇ ಇಲ್ಲ.

ನಾಳೆಗೆ ಇಡುವ ಸೊಪ್ಪನ್ನು ಇಂದೇ ತೊಳೆಯಬೇಡಿ, ನೀರಪಸೆಗೆ ಬೇಗ ಕೊಳೆಯುತ್ತದೆ. ಸೋಸಿ, ಒಣಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಸಾಕು.