ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ

'ಬೆಣ್ಣೆ ಕರಗುವವರೆಗೆ ದಕ್ಷಿಣಕ್ಕೆ ನಡಿ, ಆಮೇಲೆ ಪಶ್ಚಿಮಕ್ಕೆ ತಿರುಗು.' ಇಂಗ್ಲೆಂಡಿನಿಂದ ಅಟ್ಲಾಂಟಿಕ್ ದಾಟುವ ಹಾಯಿದೋಣಿಯವರ ಹಳೆಯ ಮಾತಿದು. ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಹುಟ್ಟಿದ ನನಗೆ ಮೊದಲು ಕೇಳಿದಾಗ ನಗು ಬಂತು. ನಮ್ಮಲ್ಲಿ ಮಾರ್ಚ್ ಬಂದರೆ ಸಾಕು, ಬೆಣ್ಣೆ ನೆಲುವಿನ ಮೇಲೆಯೇ ಕರಗುತ್ತದೆ. ನೌಕಾಪಡೆಯಿಂದ ನಿವೃತ್ತನಾದ ಮೇಲೆ ಗೆಳೆಯನೊಬ್ಬನ ದೋಣಿಯಲ್ಲಿ ಫಾಲ್ಮತ್ ಬಂದರಿನಿಂದ ಕ್ಯಾನರಿ ದ್ವೀಪಗಳವರೆಗೆ ಹೋದಾಗ ಆ ಮಾತಿನೊಳಗಿನ ಲೆಕ್ಕ ತಿಳಿಯಿತು.

ಊರಿನ ಹುಡುಗರು ಕೇಳುವುದು ಒಂದೇ ಪ್ರಶ್ನೆ: "ಕಾಕಾ, ಎಣ್ಣಿ ಇಲ್ದ ಅಷ್ಟು ದೂರ ಹ್ಯಾಂಗ ಹೋಗ್ತೀರಿ?" ಬಂದರಿನ ಒಳಗೆ ಹೊರಗೆ ಆಡಿಸಲು ಪುಟ್ಟ ಡೀಸೆಲ್ ಎಂಜಿನ್ ಇರುತ್ತದೆ. ಉಳಿದದ್ದೆಲ್ಲ ಗಾಳಿಯದೇ ಕೆಲಸ. ವೇಗ ಗಂಟೆಗೆ ಒಂಬತ್ತು-ಹತ್ತು ಕಿಲೋಮೀಟರ್, ಅಷ್ಟೇ. ಆದರೆ ದೋಣಿ ರಾತ್ರಿ ನಿಲ್ಲುವುದಿಲ್ಲ. ಇಪ್ಪತ್ನಾಲ್ಕು ಗಂಟೆ ನಡೆದರೆ 220 ಕಿಲೋಮೀಟರ್ ಆಯಿತು. ವಿಜಯಪುರದಿಂದ ಬೆಂಗಳೂರಿನಷ್ಟು ದೂರಕ್ಕೆ ಎರಡೂವರೆ ದಿನ ಸಾಕು.

ಕಷ್ಟ ಇರುವುದು ಹೊರಡುವ ಕಾಲ ಗೊತ್ತುಮಾಡುವುದರಲ್ಲಿ. ಫ್ರಾನ್ಸ್–ಸ್ಪೇನ್ ನಡುವಿನ ಬಿಸ್ಕೆ ಕೊಲ್ಲಿಯನ್ನು ಆಗಸ್ಟ್ ಮುಗಿಯುವುದರೊಳಗೆ ದಾಟಿಬಿಡಬೇಕು ಎನ್ನುತ್ತಾರೆ ಅನುಭವಿಗಳು. ಆಮೇಲೆ ಅಟ್ಲಾಂಟಿಕ್ಕಿನ ಬಿರುಗಾಳಿಗಳು ಒಂದರ ಹಿಂದೊಂದು ಶುರುವಾಗುತ್ತವೆ. ಅಲ್ಲಿ ಸಮುದ್ರದ ತಳ ನಾಲ್ಕು ಸಾವಿರ ಮೀಟರ್ ಆಳದಿಂದ ಇನ್ನೂರು ಮೀಟರಿನ ಆಸುಪಾಸಿಗೆ ಥಟ್ಟನೆ ಏರುತ್ತದೆ. ದೂರದಿಂದ ಉರುಳಿ ಬಂದ ಅಲೆ ಆ ಅಂಚಿನಲ್ಲಿ ಎದ್ದು ನಿಲ್ಲುತ್ತದೆ. ಆಗಸ್ಟಿನಲ್ಲೂ ನನ್ನ ರಾತ್ರಿ ಪಾಳಿ ಉಣ್ಣೆ ಟೊಪ್ಪಿಗೆಯಲ್ಲೇ ಕಳೆಯಿತು. ಎದೆಪಟ್ಟಿಯ ಕೊಂಡಿಯನ್ನು ದೋಣಿಯ ಹಗ್ಗಕ್ಕೆ ಸಿಕ್ಕಿಸಿಕೊಂಡು ಮೂರು ತಾಸು ಚುಕ್ಕಾಣಿ ಹಿಡಿಯಬೇಕು. ಗಾಳಿ ಜೋರಾಯಿತು ಅನ್ನಿಸುವ ಮುಂಚೆಯೇ ಹಾಯಿಯನ್ನು ಅರ್ಧ ಇಳಿಸಿ ಕಟ್ಟಬೇಕು. ಜೋರಾದ ಮೇಲೆ ಕೈ ಸಾಲುವುದಿಲ್ಲ.

ಪೋರ್ಚುಗಲ್ ತೀರಕ್ಕೆ ಬಂದರೆ ಬೇಸಿಗೆಯ ಉತ್ತರದ ಗಾಳಿ ಬೆನ್ನಿಗೆ ಬೀಳುತ್ತದೆ. ಅಲ್ಲಿನ ಈಗಿನ ಕಾಟ ಓರ್ಕಾ ತಿಮಿಂಗಿಲಗಳದು. 2020ರಿಂದ ಹಾಯಿದೋಣಿಗಳ ಚುಕ್ಕಾಣಿ ಹಲಗೆಗೆ ಗುದ್ದಿ ಮುರಿಯುತ್ತಿವೆ. ಲಿಸ್ಬನ್ ದಾಟಿದ ಮೇಲೆ ನನ್ನ ಟೊಪ್ಪಿಗೆ ಚೀಲ ಸೇರಿತು. ಕ್ಯಾನರಿ ಹತ್ತಿರವಾದಾಗ ಕಪಾಟಿನಲ್ಲಿದ್ದ ಬೆಣ್ಣೆ ಡಬ್ಬಿಯ ಅಂಚು ಬಿಟ್ಟು ಜಾರತೊಡಗಿತ್ತು.

ಅಲ್ಲಿಂದ ಮುಂದೆ ಮತ್ತೆ ಕಾಯುವುದು. ಆಚೆ ದಡದ ಕೆರಿಬಿಯನ್ನಿನಲ್ಲಿ ಚಂಡಮಾರುತದ ಕಾಲ ಜೂನಿನಿಂದ ನವೆಂಬರಿನವರೆಗೆ. ಅದು ಮುಗಿಯುತ್ತ ಬಂದಂತೆ ಈಶಾನ್ಯದ ವಾಣಿಜ್ಯ ಮಾರುತ ನೆಲೆಯಾಗಿ ಬೀಸುತ್ತದೆ. ಅದಕ್ಕೇ ಲಾಸ್ ಪಾಲ್ಮಾಸ್ ಬಂದರಿನಿಂದ ಸೇಂಟ್ ಲೂಸಿಯಾ ದ್ವೀಪಕ್ಕೆ ನೂರಾರು ದೋಣಿಗಳು ನವೆಂಬರಿನಲ್ಲಿ ಒಟ್ಟಾಗಿ ಹೊರಡುತ್ತವೆ. ಈ ಪಯಣದ ದೂರ ಸುಮಾರು 2,700 ನಾಟಿಕಲ್ ಮೈಲಿ, ಅಂದರೆ 5,000 ಕಿಲೋಮೀಟರ್. ಸಿಂದಗಿಯ ಎರಿ ಹೊಲದಲ್ಲಿ ಹಿಂಗಾರಿ ಜೋಳಕ್ಕೆ ಹದ ಕಾಯುವ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅವಸರ ಮಾಡಿದರೂ ಕೆಟ್ಟಿತು, ತಡಮಾಡಿದರೂ ಕೆಟ್ಟಿತು.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಹುಟ್ಟಾ ನಾವಿಕರು. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಲಿಂಬೆ ಉಪ್ಪಿನಕಾಯಿ ಯಾವುದಕ್ಕೂ ಫ್ರಿಜ್ ಬೇಡ. ರೊಟ್ಟಿಗೆ ಪಸೆ ತಾಗದಂತೆ ಡಬ್ಬಿ ಬಿಗಿಯಾಗಿದ್ದರೆ ಸಾಕು. ಲಿಂಬೆಗೆ ಸಮುದ್ರದಲ್ಲಿ ದೊಡ್ಡ ಚರಿತ್ರೆಯೇ ಇದೆ. 1747ರಲ್ಲಿ ಸ್ಕರ್ವಿಯಿಂದ ನರಳುತ್ತಿದ್ದ ಹನ್ನೆರಡು ನಾವಿಕರಿಗೆ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ಕಿತ್ತಳೆ, ಲಿಂಬೆ ಜಾತಿಯ ಹಣ್ಣು ತಿಂದ ಇಬ್ಬರು ಎಲ್ಲರಿಗಿಂತ ಬೇಗ ಚೇತರಿಸಿಕೊಂಡರು. ಸಿ ಜೀವಸತ್ವದ ಹೆಸರೂ ಹುಟ್ಟಿರದ ಕಾಲ ಅದು. ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ಇಂಡಿ ಲಿಂಬೆಯ ಬಗ್ಗೆ ನಾನು ದೋಣಿಯಲ್ಲಿ ಎಷ್ಟು ಕೊಚ್ಚಿಕೊಂಡೆನೆಂದರೆ, ಜೊತೆಯವರು ಕೈಮುಗಿದರು.

ಈ ಹಾದಿ ನಮ್ಮವರಿಗೆ ಹೊಸದಲ್ಲ. ಸೇನೆಯ ಎಂಜಿನಿಯರುಗಳು 'ತೃಷ್ಣಾ' ಎಂಬ ಹಾಯಿದೋಣಿಯನ್ನು ಬ್ರಿಟನ್ನಿನಲ್ಲಿ ಕೊಂಡು, ಅದನ್ನು ನಡೆಸಿಕೊಂಡೇ ಮುಂಬೈಗೆ ತಂದರು. ಅದೇ ದೋಣಿ 1985ರ ಸೆಪ್ಟೆಂಬರಿನಲ್ಲಿ ಮುಂಬೈ ಬಿಟ್ಟು, ಭೂಮಿಯನ್ನು ಸುತ್ತಿ, 1987ರ ಜನವರಿಯಲ್ಲಿ ಮರಳಿತು. ಭಾರತೀಯರು ಹಾಯಿದೋಣಿಯಲ್ಲಿ ಮಾಡಿದ ಮೊದಲ ಭೂಪ್ರದಕ್ಷಿಣೆ ಅದು. ಬೆಂಗಳೂರಿನ ಹಲಸೂರು ಕೆರೆಯಲ್ಲಿರುವ, ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನವರ (ಎಂಇಜಿ) ತೃಷ್ಣಾ ಸೇಲಿಂಗ್ ಕ್ಲಬ್ಬಿಗೆ ಇರುವುದು ಅದೇ ಹೆಸರು.

ಹಾಯಿ ಕಟ್ಟುವುದನ್ನು ಕಲಿಯಲು ಸಮುದ್ರವೇ ಬೇಕಿಲ್ಲ, ಕೆರೆ ಸಾಕು. ನಮಗಂತೂ ಬಸವನ ಬಾಗೇವಾಡಿ ಸೀಮೆಯಲ್ಲಿ ಆಲಮಟ್ಟಿಯ ಹಿನ್ನೀರು ಕಣ್ಣು ಹಾಯಿಸಿದಷ್ಟು ದೂರ ಹರಡಿದೆ, ಗಾಳಿಗೆ ಬರವಿಲ್ಲ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆಯೂ ಇದೆ. ಆ ಹಿನ್ನೀರಿನಲ್ಲಿ ನಾಲ್ಕು ಪುಟ್ಟ ಹಾಯಿದೋಣಿ, ಒಬ್ಬ ಗುರು, ತೊಟ್ಟುಕೊಳ್ಳಲು ಲೈಫ್ ಜಾಕೆಟ್ ಒದಗಿಸಿ, ನಮ್ಮ ಹಳ್ಳಿಯ ಹುಡುಗ ಹುಡುಗಿಯರನ್ನು ನೀರಿಗಿಳಿಸುವ ಕೆಲಸವನ್ನು ಸಂಬಂಧಪಟ್ಟವರು ಇನ್ನಾದರೂ ಕೈಗೆತ್ತಿಕೊಳ್ಳಲಿ.