ಕಿರುಗಾತ್ರದ ಗೇಮಿಂಗ್ ಕಂಪ್ಯೂಟರ್: ಮದರ್‌ಬೋರ್ಡ್ ಆರಿಸುವ ಬಗೆ

ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ ಇವೆಲ್ಲ ಬಂದು ಕೂಡುವ ತಾಣ ಮದರ್‌ಬೋರ್ಡ್. ದೊಡ್ಡ ಕ್ಯಾಬಿನೆಟ್ಟಿನ ಕಂಪ್ಯೂಟರಿನಲ್ಲಿ ಬೋರ್ಡಿನ ಕೊರತೆಯನ್ನು ಆಮೇಲೆ ತುಂಬಿಕೊಳ್ಳಬಹುದು: ವೈಫೈ ಇಲ್ಲದಿದ್ದರೆ ಒಂದು ಕಾರ್ಡ್, ಯುಎಸ್‌ಬಿ ಸಾಲದಿದ್ದರೆ ಇನ್ನೊಂದು. ಕಿರುಗಾತ್ರದ ಕಂಪ್ಯೂಟರಿನಲ್ಲಿ ಅಂಥ ಖಾಲಿ ಸ್ಲಾಟ್ ಇರುವುದಿಲ್ಲ. ಹಾಗಾಗಿ ಇಲ್ಲಿ ಬೋರ್ಡ್ ಆರಿಸುವವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಮುಂದೆ ಏನನ್ನು ಸೇರಿಸಲಾಗದು ಎಂಬುದು. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಊರು ಮತ್ತು ತೋಟದ ಮನೆಗಳಲ್ಲಿ ಇದರ ಜೊತೆಗೆ ಬೇಸಿಗೆಯ ಕಾವು, ಧೂಳು, ಕರೆಂಟಿನ ಏರಿಳಿತಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗಾತ್ರ

ಬೋರ್ಡುಗಳ ಅಳತೆ ನಿಗದಿಯಾಗಿದೆ. ಇಂಟೆಲ್ 1995ರಲ್ಲಿ ತಂದ ಎಟಿಎಕ್ಸ್ ಬೋರ್ಡ್ 305 × 244 ಮಿಲಿಮೀಟರ್. 1997ರ ಮೈಕ್ರೋ-ಎಟಿಎಕ್ಸ್ 244 × 244. ವಿಯಾ ಕಂಪನಿ 2001ರಲ್ಲಿ ರೂಪಿಸಿದ ಮಿನಿ-ಐಟಿಎಕ್ಸ್ 170 × 170. ಅದರ ವಿಸ್ತಾರ ಮೈಕ್ರೋ-ಎಟಿಎಕ್ಸ್‌ನ ಅರ್ಧಕ್ಕಿಂತಲೂ ಕಡಿಮೆ. ಮಿನಿ-ಐಟಿಎಕ್ಸ್‌ನ ನಾಲ್ಕು ಸ್ಕ್ರೂ ತೂತುಗಳು ದೊಡ್ಡ ಬೋರ್ಡುಗಳ ತೂತುಗಳಿಗೆ ಹೊಂದುವುದರಿಂದ ಅದನ್ನು ದೊಡ್ಡ ಕ್ಯಾಬಿನೆಟ್ಟಿನಲ್ಲೂ ಕೂರಿಸಬಹುದು. ದೊಡ್ಡ ಬೋರ್ಡನ್ನು ಸಣ್ಣ ಕ್ಯಾಬಿನೆಟ್ಟಿನಲ್ಲಿ ಕೂರಿಸಲಾಗದು.

ಸಾಮಾನ್ಯ ಮಿನಿ-ಐಟಿಎಕ್ಸ್ ಬೋರ್ಡಿನಲ್ಲಿ ಎರಡು ರ‍್ಯಾಮ್ ಸ್ಲಾಟ್, ಗ್ರಾಫಿಕ್ಸ್ ಕಾರ್ಡಿಗೆ ಒಂದೇ ಒಂದು ಪಿಸಿಐಇ ಸ್ಲಾಟ್ ಇರುತ್ತವೆ. ಒಂದೇ ಚಿಪ್‌ಸೆಟ್ಟಿನ ಮೈಕ್ರೋ-ಎಟಿಎಕ್ಸ್ ಬೋರ್ಡಿಗಿಂತ ಇದರ ಬೆಲೆ ಹೆಚ್ಚು, ಏಕೆಂದರೆ ಅಷ್ಟೇ ಸಾಮಗ್ರಿಯನ್ನು ಇಕ್ಕಟ್ಟಿನಲ್ಲಿ ಜೋಡಿಸಬೇಕು. ಮೇಜಿನ ಮೇಲಿನ ಜಾಗ ನಿಜವಾಗಿಯೂ ಕಡಿಮೆಯಿದ್ದರೆ, ಅಥವಾ ಕಂಪ್ಯೂಟರನ್ನು ಊರಿಂದ ಹಾಸ್ಟೆಲಿಗೆ, ಹಾಸ್ಟೆಲಿನಿಂದ ಊರಿಗೆ ಬಸ್ಸಿನಲ್ಲಿ ಒಯ್ಯುವುದಿದ್ದರೆ ಮಿನಿ-ಐಟಿಎಕ್ಸ್‌ಗೆ ಕೊಡುವ ಹಣ ಸಾರ್ಥಕ. ಇಲ್ಲದಿದ್ದರೆ ಸಣ್ಣ ಮೈಕ್ರೋ-ಎಟಿಎಕ್ಸ್ ಕ್ಯಾಬಿನೆಟ್ ಸಾಕು. ಉಳಿದ ಹಣವನ್ನು ಗ್ರಾಫಿಕ್ಸ್ ಕಾರ್ಡಿಗೆ ಹಾಕಬಹುದು.

ಸಾಕೆಟ್ ಮತ್ತು ಚಿಪ್‌ಸೆಟ್

ಬೋರ್ಡಿನ ಸಾಕೆಟ್ ಯಾವುದೋ ಪ್ರೊಸೆಸರೂ ಅದಕ್ಕೇ ಸೇರಿದ್ದಿರಬೇಕು. ಎಎಂಡಿಯ ಎಎಂ4 ಸಾಕೆಟ್ 2016ರಲ್ಲಿ, ಎಎಂ5 ಸಾಕೆಟ್ 2022ರಲ್ಲಿ ಬಂದವು. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13 ಮತ್ತು 14ನೇ ಪೀಳಿಗೆಯ ಪ್ರೊಸೆಸರುಗಳಿಗೆ. 2024ರ ಎಲ್‌ಜಿಎ 1851 ಸಾಕೆಟ್ ಕೋರ್ ಅಲ್ಟ್ರಾ 200 ಸರಣಿಗೆ. ಎಎಂ5ಕ್ಕೆ 2027ರವರೆಗೆ ಮತ್ತು ಆಚೆಗೂ ಬೆಂಬಲ ಕೊಡುವುದಾಗಿ ಎಎಂಡಿ ಹೇಳಿದೆ. ಕೆಲ ವರ್ಷಗಳ ನಂತರ ಬೋರ್ಡ್ ಬದಲಿಸದೆ ಪ್ರೊಸೆಸರ್ ಮಾತ್ರ ಬದಲಿಸುವ ಯೋಚನೆಯಿದ್ದವರಿಗೆ ಇದು ಮುಖ್ಯ.

ರ‍್ಯಾಮಿನ ವಿಷಯದಲ್ಲಿ ಎಎಂ4 ಬೋರ್ಡುಗಳು ಡಿಡಿಆರ್4, ಎಎಂ5 ಬೋರ್ಡುಗಳು ಡಿಡಿಆರ್5 ಮಾತ್ರ ಸ್ವೀಕರಿಸುತ್ತವೆ. ಎಲ್‌ಜಿಎ 1700ರಲ್ಲಿ ಎರಡೂ ಬಗೆಯ ಬೋರ್ಡುಗಳಿವೆ. ಎರಡು ರ‍್ಯಾಮುಗಳ ಕಚ್ಚು ಬೇರೆ ಬೇರೆ ಕಡೆ ಇರುವುದರಿಂದ ಒಂದರ ಸ್ಲಾಟಿನಲ್ಲಿ ಇನ್ನೊಂದು ಕೂರದು. ಸ್ಲಾಟ್ ಎರಡೇ ಇರುವಾಗ 8 ಜಿಬಿಯ ಎರಡು ಕಡ್ಡಿ ಹಾಕಿದರೆ ಮುಂದೆ ಹೆಚ್ಚಿಸಲು ಎರಡನ್ನೂ ಕಿತ್ತುಹಾಕಬೇಕು. ಮೊದಲೇ 16 ಜಿಬಿಯ ಎರಡು ಕಡ್ಡಿ ಕೊಳ್ಳುವುದು ಲೇಸು.

ಪ್ರೊಸೆಸರಿನ ವೇಗವನ್ನು ನಿಗದಿತ ಮಿತಿಗಿಂತ ಏರಿಸಲು (ಓವರ್‌ಕ್ಲಾಕಿಂಗ್) ಅವಕಾಶವಿದೆಯೇ, ಎಷ್ಟು ಸಾಧನ ಜೋಡಿಸಬಹುದು ಎಂಬುದನ್ನು ನಿರ್ಧರಿಸುವುದು ಚಿಪ್‌ಸೆಟ್. ಇಂಟೆಲ್‌ನಲ್ಲಿ ಪ್ರೊಸೆಸರಿನ ಓವರ್‌ಕ್ಲಾಕಿಂಗ್ ಝಡ್790ರಂಥ ಝಡ್ ಸರಣಿಯ ಚಿಪ್‌ಸೆಟ್ಟುಗಳಲ್ಲಿ ಮಾತ್ರ. ಬಿ760ರಲ್ಲಿ ರ‍್ಯಾಮಿನ ವೇಗ ಏರಿಸಬಹುದು. ಎಚ್610ರಲ್ಲಿ ಎರಡೂ ಇಲ್ಲ. ಎಎಂ5ನಲ್ಲಿ ಎ620 ಅಗ್ಗದ್ದು, ಬಿ650 ನಡುವಣದು. ಸಣ್ಣ ಕ್ಯಾಬಿನೆಟ್ಟಿನಲ್ಲಿ ಓವರ್‌ಕ್ಲಾಕಿಂಗ್ ಎಂದರೆ ಕಾವನ್ನು ಕರೆದು ತಂದಂತೆ. ಗೇಮಿಂಗಿಗೆ ಬಿ ಸರಣಿಯ ಚಿಪ್‌ಸೆಟ್ ಸಾಕು.

ವಿಆರ್‌ಎಂ ಮತ್ತು ಕಾವು

ಎಸ್‌ಎಂಪಿಎಸ್ ಕೊಡುವ 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದ ಒಂದು ವೋಲ್ಟಿನ ಆಸುಪಾಸಿಗೆ ಇಳಿಸುವ ಭಾಗ ವಿಆರ್‌ಎಂ. ವೋಲ್ಟ್ ಇಳಿದಷ್ಟೂ ಆಂಪಿಯರ್ ಏರುತ್ತದೆ. ಎಎಂಡಿಯ 65 ವ್ಯಾಟ್ ವರ್ಗದ ರೈಜನ್ 5 7600 ಪೂರ್ತಿ ದುಡಿಯುವಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ, 1.2 ವೋಲ್ಟಿನಲ್ಲಿ ಅದು 73 ಆಂಪಿಯರ್. ಬಾವಿಯ ಮೇಲಿನ 5 ಎಚ್‌ಪಿ ತ್ರೀ ಫೇಸ್ ಪಂಪ್‌ಸೆಟ್ ಎಳೆಯುವುದು ಏಳೆಂಟು ಆಂಪಿಯರ್ ಮಾತ್ರ. ಪ್ರೊಸೆಸರಿನ ಆ 73 ಆಂಪಿಯರ್ ಅಂಗೈಯಗಲದ ಜಾಗದಲ್ಲಿ ಹರಿಯುವಾಗ ಬಿಸಿ ಏಳುವುದು ಸಹಜ.

ಈ ತಾಲ್ಲೂಕುಗಳಲ್ಲಿ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಹೊರಗಿನ ಉಷ್ಣತೆ 40 ಡಿಗ್ರಿಯ ಹತ್ತಿರ ಹೋಗುತ್ತದೆ. ತಗಡಿನ ಮಾಡಿನ ಕೋಣೆಯಲ್ಲಿ ಇನ್ನೂ ಸೆಕೆ. ಕೋಣೆ 25 ಡಿಗ್ರಿ ಇದ್ದಾಗ 75 ಡಿಗ್ರಿ ಮುಟ್ಟುವ ವಿಆರ್‌ಎಂ, ಕೋಣೆ 40 ಆದಾಗ 90ರ ಸುತ್ತ ಇರುತ್ತದೆ. ಎಸಿ ಕೋಣೆಯಲ್ಲಿ ನಡೆಸಿದ ಪರೀಕ್ಷೆಯ ಅಂಕಿಗಳನ್ನು ಓದುವಾಗ ಈ 15 ಡಿಗ್ರಿಯನ್ನು ಕೂಡಿಸಿಕೊಳ್ಳಬೇಕು. ವಿಆರ್‌ಎಂ ಮೇಲೆ ಲೋಹದ ಹೀಟ್‌ಸಿಂಕ್ ಇಲ್ಲದ ಬೋರ್ಡನ್ನು ಗೇಮಿಂಗಿಗೆ ಕೊಳ್ಳಬಾರದು. ಫ್ಯಾನಿನ ನಾಲ್ಕು ಪಿನ್ನಿನ ಕನೆಕ್ಟರುಗಳು ಕನಿಷ್ಠ ಮೂರು ಇರಲಿ. ಕೂಲರಿನ ಎತ್ತರ ಕ್ಯಾಬಿನೆಟ್ಟಿಗೂ, ಪಕ್ಕದ ರ‍್ಯಾಮಿಗೂ ಹೊಂದುತ್ತದೆಯೇ ಎಂದು ಅಳೆದು ನೋಡಬೇಕು.

ಸ್ಲಾಟ್ ಮತ್ತು ಪೋರ್ಟ್

ಗ್ರಾಫಿಕ್ಸ್ ಕಾರ್ಡಿನ ಸ್ಲಾಟ್ ಪಿಸಿಐಇ 4.0 ಪೀಳಿಗೆಯದ್ದಾಗಿರುವುದು ಒಳ್ಳೆಯದು. ಆರ್‌ಟಿಎಕ್ಸ್ 4060, ಆರ್‌ಎಕ್ಸ್ 6600ರಂಥ ಕಾರ್ಡುಗಳು ಮಾಹಿತಿ ಹರಿಯುವ 16 ದಾರಿಗಳ (ಲೇನ್) ಬದಲು 8ನ್ನಷ್ಟೇ ಬಳಸುತ್ತವೆ. ಅವನ್ನು 3.0 ಸ್ಲಾಟಿನಲ್ಲಿ ಹಾಕಿದರೆ ಮಾಹಿತಿ ಹರಿವು ಅರ್ಧಕ್ಕಿಳಿಯುತ್ತದೆ. ಕೇಬಲ್ ಮೂಲಕ ಕಾರ್ಡನ್ನು ಬೋರ್ಡಿನ ಬೆನ್ನಿಗೆ ಕೂರಿಸುವ ಕ್ಯಾಬಿನೆಟ್ ಆದರೆ ಆ ರೈಸರ್ ಕೇಬಲ್ಲೂ ಅದೇ ಪೀಳಿಗೆಯದ್ದಾಗಿರಬೇಕು. ಹಳೆಯದಾದರೆ ಬೋರ್ಡಿನ ಮೂಲ ತಂತ್ರಾಂಶವಾದ ಬಯಾಸ್‌ನಲ್ಲಿ ಸ್ಲಾಟಿನ ವೇಗ ಇಳಿಸಬೇಕಾಗುತ್ತದೆ.

ಎಸ್‌ಎಸ್‌ಡಿಗೆ ಎರಡು ಎಂ.2 ಸ್ಲಾಟ್ ಇದ್ದರೆ ಚೆಂದ. ಅನೇಕ ಮಿನಿ-ಐಟಿಎಕ್ಸ್ ಬೋರ್ಡುಗಳಲ್ಲಿ ಎರಡನೆಯದು ಬೋರ್ಡಿನ ಅಡಿಯಲ್ಲಿರುತ್ತದೆ. ಅಲ್ಲಿ ಗಾಳಿಯಾಡುವುದು ಕಡಿಮೆ, ಬದಲಿಸಲು ಇಡೀ ಬೋರ್ಡನ್ನು ಹೊರತೆಗೆಯಬೇಕು. ಆಪರೇಟಿಂಗ್ ಸಿಸ್ಟಮ್ ಇರುವ ಎಸ್‌ಎಸ್‌ಡಿಯನ್ನು ಮೇಲಿನ ಸ್ಲಾಟಿನಲ್ಲೇ ಹಾಕಬೇಕು.

ವೈಫೈ ಬೋರ್ಡಿನಲ್ಲೇ ಇರಲಿ. ಫೈಬರ್ ತಲುಪದ ತೋಟದ ಮನೆಯಲ್ಲಿ ಮೊಬೈಲಿನ ಹಾಟ್‌ಸ್ಪಾಟೇ ಇಂಟರ್ನೆಟ್ಟಿನ ದಾರಿ. ಹಿಂಬದಿಯಲ್ಲಿ ಕನಿಷ್ಠ ಆರು ಯುಎಸ್‌ಬಿ ಪೋರ್ಟ್, ಒಂದು ಎಚ್‌ಡಿಎಂಐ ಪೋರ್ಟ್ ಇರಲಿ. ಗ್ರಾಫಿಕ್ಸ್ ಕಾರ್ಡ್ ಕೆಟ್ಟು ರಿಪೇರಿಗೆ ಹೋದಾಗ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಮೂಲಕ ಕೆಲಸ ನಡೆಸಲು ಅದು ಬೇಕು. ಇಂಟೆಲ್‌ನ ಎಫ್ ಅಕ್ಷರದ ಪ್ರೊಸೆಸರುಗಳಲ್ಲಿ ಈ ಒಳಗ್ರಾಫಿಕ್ಸ್ ಇರುವುದಿಲ್ಲ.

ಕರೆಂಟು

ಗೋಕಾಕ, ಮೂಡಲಗಿ ತಾಲ್ಲೂಕುಗಳಿಗೆ ಹೆಸ್ಕಾಂ ವಿದ್ಯುತ್ ಪೂರೈಸುತ್ತದೆ. ಹುಕ್ಕೇರಿ ತಾಲ್ಲೂಕಿನಲ್ಲಿ ಆ ಕೆಲಸ 1969ರಲ್ಲಿ ಸ್ಥಾಪನೆಯಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ್ದು. ಪೂರೈಸುವವರು ಯಾರೇ ಆಗಲಿ, ಕಬ್ಬಿನ ಸೀಮೆಯ ಲೈನುಗಳ ಮೇಲೆ ಪಂಪ್‌ಸೆಟ್ಟುಗಳ ಭಾರವಿದೆ. ನೇರವಾಗಿ ಚಾಲೂ ಮಾಡಿದ ಮೋಟರ್ ಶುರುವಾಗುವಾಗ ತನ್ನ ಸಾಮಾನ್ಯ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಆ ಕ್ಷಣ ಅದೇ ಟ್ರಾನ್ಸ್‌ಫಾರ್ಮರಿನ (ಟಿಸಿ) ಮನೆಗಳಲ್ಲಿ ವೋಲ್ಟೇಜ್ ಕುಸಿಯುತ್ತದೆ. ಒಳ್ಳೆಯ ಎಸ್‌ಎಂಪಿಎಸ್ ಕರೆಂಟು ತಪ್ಪಿದ ಮೇಲೂ ಸುಮಾರು 16 ಮಿಲಿಸೆಕೆಂಡು ಬೋರ್ಡನ್ನು ನಡೆಸಬಲ್ಲದು, ಅದಕ್ಕಿಂತ ಬಹಳ ಹೆಚ್ಚಲ್ಲ. ಆದ್ದರಿಂದ ಯುಪಿಎಸ್ ಮತ್ತು ಸರಿಯಾದ ಅರ್ಥಿಂಗ್ ಎರಡೂ ಬೇಕು.

ಇದು ಬೋರ್ಡಿನ ಆಯ್ಕೆಗೂ ಸಂಬಂಧಿಸಿದ ವಿಷಯ. ಬಯಾಸ್ ಅಪ್‌ಡೇಟ್ ಆಗುತ್ತಿರುವಾಗ ಕರೆಂಟು ಹೋದರೆ ಬೋರ್ಡ್ ಮತ್ತೆ ಏಳದೇ ಹೋಗಬಹುದು. ಬಯಾಸ್ ಫ್ಲ್ಯಾಶ್‌ಬ್ಯಾಕ್ ಗುಂಡಿಯಿರುವ ಬೋರ್ಡಿನಲ್ಲಿ ಪೆನ್‌ಡ್ರೈವ್ ಒಂದರಿಂದಲೇ, ಪ್ರೊಸೆಸರ್ ಇಲ್ಲದೆಯೂ, ಬಯಾಸನ್ನು ಮರಳಿ ತುಂಬಬಹುದು. ಹಳೆಯ ಬಯಾಸಿನ ಬೋರ್ಡಿಗೆ ಹೊಸ ಪ್ರೊಸೆಸರ್ ಕೊಂಡವರಿಗೂ ಇದೇ ಗುಂಡಿ ನೆರವಾಗುತ್ತದೆ. ಗುಡುಗು ಮಳೆಯ ಹೊತ್ತಿಗೆ ಪ್ಲಗ್ಗಿನ ಜೊತೆ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಬೇಕು. ಸಿಡಿಲಿನ ಹೊಡೆತ ಆ ತಾಮ್ರದ ತಂತಿಯಲ್ಲೂ ಬರುತ್ತದೆ.

ಕೊಳ್ಳುವಾಗ

ಸಣ್ಣ ಪೇಟೆಯ ಅಂಗಡಿಗಳಲ್ಲಿ ಮಿನಿ-ಐಟಿಎಕ್ಸ್ ಬೋರ್ಡ್ ಸಿದ್ಧವಾಗಿ ಸಿಗುವುದು ವಿರಳ. ಬೆಳಗಾವಿ, ಹುಬ್ಬಳ್ಳಿ, ಕೊಲ್ಹಾಪುರದಿಂದ ತರಿಸಬೇಕು, ಇಲ್ಲವೇ ಆನ್‌ಲೈನಿನಲ್ಲಿ ಕೊಳ್ಳಬೇಕು. ಕೆಟ್ಟರೆ ಅಷ್ಟೇ ದೂರ ಒಯ್ಯಬೇಕಾಗುವುದರಿಂದ, ಆ ಕಂಪನಿಯ ಸರ್ವಿಸ್ ಸೆಂಟರ್ ಹತ್ತಿರದ ಯಾವ ಊರಲ್ಲಿದೆ ಎಂದು ಮೊದಲೇ ವಿಚಾರಿಸಬೇಕು. ಜಿಎಸ್‌ಟಿ ಬಿಲ್ಲಿನಲ್ಲಿ ಬೋರ್ಡಿನ ಸೀರಿಯಲ್ ನಂಬರ್ ಬರೆಸಿಕೊಳ್ಳಬೇಕು. ಎಎಂ5 ಮತ್ತು ಇಂಟೆಲ್‌ನ ಎಲ್‌ಜಿಎ ಬೋರ್ಡುಗಳಲ್ಲಿ ಪಿನ್ನುಗಳಿರುವುದು ಬೋರ್ಡಿನ ಸಾಕೆಟ್ಟಿನಲ್ಲಿ. ಒಂದು ಬಾಗಿದ್ದರೂ ವಾರಂಟಿ ಸಿಗುವುದು ಕಷ್ಟ. ಪೊಟ್ಟಣ ಬಿಚ್ಚುವಾಗ ವಿಡಿಯೋ ತೆಗೆದು, ಸಾಕೆಟ್ಟಿನ ಮುಚ್ಚಳ ತೆರೆದು ಪಿನ್ನುಗಳೆಲ್ಲ ನೆಟ್ಟಗಿವೆಯೇ ಎಂದು ನೋಡಿದ ನಂತರವೇ ಪ್ರೊಸೆಸರ್ ಕೂರಿಸಬೇಕು.