149 ರೂಪಾಯಿಯ ಲೆಕ್ಕಾಚಾರ

ಕೇಬಲ್ಲಿನವರನ್ನಾಗಲಿ ಡಿಶ್ಶನ್ನಾಗಲಿ ನೆಚ್ಚಿಕೊಳ್ಳದೆ, ಸಿನಿಮಾ, ಧಾರಾವಾಹಿ ಮತ್ತು ಕ್ರಿಕೆಟ್ಟನ್ನು ಅಂತರ್ಜಾಲದ ಮೂಲಕ ನೇರವಾಗಿ ಪರದೆಗೆ ತಲುಪಿಸುವ ವ್ಯವಸ್ಥೆಗೆ ಒಟಿಟಿ ಎಂಬ ಹೆಸರು ರೂಢಿಯಾಗಿದ್ದು, ಕಾರವಾರ, ಅಂಕೋಲಾದಂಥ ಊರುಗಳಲ್ಲಿಯೂ ಅದು ಈಗ ಮನೆಮಾತಾಗಿದೆ. ದರ ಏರಿಸುತ್ತಾರೆ, ದುಡ್ಡು ಕೊಟ್ಟರೂ ಜಾಹೀರಾತು ತೋರಿಸುತ್ತಾರೆ ಎಂಬುದು ಈ ಕಂಪನಿಗಳ ಮೇಲೆ ಜನರು ಹೊರಿಸುವ ಸಾಮಾನ್ಯ ದೂರು. ದೂರಿನಲ್ಲಿ ಹುರುಳಿಲ್ಲದಿಲ್ಲ. ಅಮೆಜಾನ್ ಪ್ರೈಮ್ 2016ರಲ್ಲಿ ಭಾರತಕ್ಕೆ ಬಂದಾಗ ವರ್ಷಕ್ಕೆ 499 ರೂಪಾಯಿಯಿದ್ದ ಚಂದಾ ಮುಂದೆ 999ಕ್ಕೂ, 2021ರ ಕೊನೆಯಲ್ಲಿ 1,499ಕ್ಕೂ ಏರಿತು; 2025ರ ಜೂನ್‌ನಿಂದ ಅದರ ಚಿತ್ರಗಳ ನಡುವೆ ಜಾಹೀರಾತುಗಳು ಬರತೊಡಗಿ, ಅವು ಬೇಡವೆನ್ನುವವರು ವರ್ಷಕ್ಕೆ ಇನ್ನೂ 699 ರೂಪಾಯಿ ತೆರಬೇಕಾಯಿತು.

ಆದರೆ ಇದನ್ನು ಕೇವಲ ದುರಾಸೆಯೆಂದು ತಳ್ಳಿಹಾಕಿದರೆ ಅರ್ಧ ಸತ್ಯ ಮಾತ್ರ ಕೈಗೆ ಸಿಗುತ್ತದೆ. ಚಂದಾದಾರರ ಸಂಖ್ಯೆ ಏರುತ್ತಲೇ ಇರುತ್ತದೆಂಬ ನಂಬಿಕೆಯ ಮೇಲೆ ಕೋಟಿಗಟ್ಟಲೆ ಸುರಿದು ಕಟ್ಟಿದ ವ್ಯಾಪಾರವಿದು. 2022ರ ಮೊದಲ ಮೂರು ತಿಂಗಳಲ್ಲಿ ನೆಟ್‌ಫ್ಲಿಕ್ಸ್ ಜಗತ್ತಿನಾದ್ಯಂತ ಸುಮಾರು 2 ಲಕ್ಷ ಚಂದಾದಾರರನ್ನು ಕಳೆದುಕೊಂಡಾಗ, ಒಂದೇ ದಿನದಲ್ಲಿ ಅದರ ಷೇರಿನ ಬೆಲೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಕುಸಿಯಿತು. ಅದೇ ಕಂಪನಿ ಅದಕ್ಕೆ ಕೆಲವೇ ತಿಂಗಳ ಹಿಂದೆ ಭಾರತದಲ್ಲಿ ಮೊಬೈಲ್ ಚಂದಾವನ್ನು ತಿಂಗಳಿಗೆ 199ರಿಂದ 149 ರೂಪಾಯಿಗೆ ಇಳಿಸಿತ್ತು. ಕ್ರಿಕೆಟ್ಟಿನ ಕಥೆ ಇನ್ನೂ ವಿಚಿತ್ರವಾದುದು: ಐಪಿಎಲ್‌ನ ಡಿಜಿಟಲ್ ಪ್ರಸಾರದ ಹಕ್ಕು 2023ರಿಂದ ಐದು ವರ್ಷಗಳಿಗೆ 23,758 ಕೋಟಿ ರೂಪಾಯಿಗೆ ವಯಾಕಾಮ್18ರ ಪಾಲಾದ ಮೇಲೆ, ಆ ಸಂಸ್ಥೆಯ ಜಿಯೋಸಿನಿಮಾ ಮೊದಲ ವರ್ಷದ ಪಂದ್ಯಗಳನ್ನು ಪುಕ್ಕಟೆಯಾಗಿ ತೋರಿಸಿತು; ಹಕ್ಕು ಕಳೆದುಕೊಂಡ ಡಿಸ್ನಿ ಹಾಟ್‌ಸ್ಟಾರ್‌ನ ಚಂದಾದಾರರು ಒಂದು ವರ್ಷದೊಳಗೆ ಸುಮಾರು 6.1 ಕೋಟಿಯಿಂದ 3.8 ಕೋಟಿಗೆ ಇಳಿದರು. ಕೊನೆಗೆ ಇಬ್ಬರೂ ಒಂದಾಗಿ, 2025ರ ಫೆಬ್ರವರಿ 14ರಂದು ಜಿಯೋಹಾಟ್‌ಸ್ಟಾರ್ ಹುಟ್ಟಿತು. ಪುಕ್ಕಟೆಯ ರುಚಿ ಹತ್ತಿಸಿದವರೇ ಈಗ ಚಂದಾ ಕೇಳಬೇಕಾಗಿ ಬಂದುದರಲ್ಲಿ ಜನರ ತಪ್ಪೇನೂ ಇಲ್ಲ.

ಇದಲ್ಲದೆ ಕರಾವಳಿಯ ದುಡಿಮೆಯ ಲಯಕ್ಕೂ ತಿಂಗಳ ಚಂದಾಕ್ಕೂ ಅಷ್ಟಾಗಿ ಹೊಂದಾಣಿಕೆಯಾಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಕಾರವಾರದ ಬೈತಖೋಲ್‌ನಲ್ಲಿಯೂ ಅಂಕೋಲಾದ ಬೇಲೆಕೇರಿಯಲ್ಲಿಯೂ ಬೋಟುಗಳು ದಡ ಸೇರುತ್ತವೆ. ನೋಡಲು ಬಿಡುವು ಹೆಚ್ಚಿರುವ ಆ ಮಳೆಗಾಲದಲ್ಲಿಯೇ ಕೈಯಲ್ಲಿ ಕಾಸು ಕಡಿಮೆ. ಹೀಗಾಗಿ ಮೊಬೈಲ್ ರೀಚಾರ್ಜಿನ ಜೊತೆಗೆ ಸೇರಿಸಿ ಕೊಡುವ ಒಟಿಟಿಯನ್ನು ಚಂದಾ ಎಂದು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ರೀಚಾರ್ಜಿನ ಕೊಸರು ಅಷ್ಟೇ. ಇಡೀ ರಾತ್ರಿಯ ಯಕ್ಷಗಾನ ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ಸಿಗುತ್ತಿರುವಾಗ ಬೇರೆಯದಕ್ಕೆ ದುಡ್ಡು ತೆರಲು ಮನಸ್ಸು ಹಿಂಜರಿಯುವುದೂ ಸಹಜ.

ಗಳಿಕೆ ಕುಗ್ಗಿದಾಗ ಕಂಪನಿಗಳು ಮೊದಲು ಕತ್ತರಿ ಹಾಕುವುದು ಚಿಕ್ಕ ಮಾರುಕಟ್ಟೆಯ ಭಾಷೆಗಳಿಗೆ. ಕೋವಿಡ್ ಕಾಲದಲ್ಲಿ, 2020ರ ಜುಲೈನಲ್ಲಿ, ‘ಲಾ’ ಮತ್ತು ‘ಫ್ರೆಂಚ್ ಬಿರಿಯಾನಿ’ ಚಿತ್ರಗಳು ಥಿಯೇಟರಿಗೆ ಹೋಗದೆ ನೇರವಾಗಿ ಪ್ರೈಮ್‌ನಲ್ಲಿ ಬಂದಾಗ ಕನ್ನಡಕ್ಕೆ ಹೊಸ ಬಾಗಿಲು ತೆರೆಯಿತೆಂದೇ ಹಲವರು ಭಾವಿಸಿದ್ದರು. ಬಾಗಿಲು ಎಷ್ಟು ಕಿರಿದೆಂಬುದನ್ನು ‘ಏಕಂ’ ತೋರಿಸಿಕೊಟ್ಟಿತು. ಕರಾವಳಿಯ ಬದುಕನ್ನೇ ಆಧರಿಸಿದ, ಪ್ರಕಾಶ್ ರಾಜ್, ರಾಜ್ ಬಿ. ಶೆಟ್ಟಿ ಅವರಂಥ ನಟರಿದ್ದ ಈ ಏಳು ಕಂತುಗಳ ಸರಣಿಗೆ ಯಾವ ದೊಡ್ಡ ಒಟಿಟಿಯಲ್ಲಿಯೂ ಒಪ್ಪುವಂಥ ಬೆಲೆ ಸಿಗಲಿಲ್ಲ. ವರ್ಷಗಟ್ಟಲೆ ಕಾದ ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ 2024ರ ಜುಲೈ 13ರಂದು ಅದನ್ನು ಸ್ವಂತ ಜಾಲತಾಣದಲ್ಲಿಯೇ ಬಿಡುಗಡೆ ಮಾಡಿ 149 ರೂಪಾಯಿ ಬೆಲೆಯಿಟ್ಟಿತು. ನೆಟ್‌ಫ್ಲಿಕ್ಸ್ ಒಂದು ತಿಂಗಳ ಮೊಬೈಲ್ ಚಂದಾಕ್ಕೆ ಕೇಳುತ್ತಿದ್ದ ಮೊತ್ತವೇ ಇಲ್ಲಿ ಒಂದು ಕನ್ನಡ ಸರಣಿಯ ಬೆಲೆಯಾಯಿತು. ಅದು ದುಬಾರಿಯೆಂದು ಕಂಡರೆ ಆಶ್ಚರ್ಯವಿಲ್ಲ. ಆದರೆ ಸಾವಿರಾರು ಚಿತ್ರಗಳ ನಡುವೆ ಖರ್ಚು ಹಂಚಿಹೋಗುವ ಕಂಪನಿಗೂ ಒಂದೇ ಕೃತಿಯನ್ನು ಹೊತ್ತ ನಿರ್ಮಾಪಕನಿಗೂ ಲೆಕ್ಕ ಒಂದೇ ಆಗಲಾರದು.

ಕನ್ನಡದ ಪಾಡು ಇದಾದರೆ ಕಾರವಾರದ ಮನೆಮನೆಯ ಮಾತಾದ ಕೊಂಕಣಿಯ ಪಾಡು ಹೇಳುವಂತಿಲ್ಲ. ಮಲ್ಲಾಪುರದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರದ ವಸತಿ ಬಡಾವಣೆಯಲ್ಲಿರುವ ತಮಿಳು ನೌಕರನಿಗೆ ತನ್ನ ಭಾಷೆಯ ಚಿತ್ರಗಳು ಬೇಕಾದಷ್ಟು ಸಿಗುತ್ತವೆ, ಪಕ್ಕದ ಊರಿನ ಕೊಂಕಣಿ ಮನೆಯವರು ತಮ್ಮ ಭಾಷೆಯದನ್ನು ಹುಡುಕಿಯೇ ನೋಡಬೇಕು.

ಕೇರಳ ಸರ್ಕಾರ 2024ರ ಮಾರ್ಚ್‌ನಲ್ಲಿ ಸಿಸ್ಪೇಸ್ ಎಂಬ ತನ್ನದೇ ಒಟಿಟಿಯನ್ನು ಆರಂಭಿಸಿ, ತಿಂಗಳ ಚಂದಾದ ಬದಲು ನೋಡಿದ ಚಿತ್ರಕ್ಕಷ್ಟೇ ಹಣ ಕೊಡುವ ಪದ್ಧತಿಯನ್ನು ತಂದು, ಒಂದು ಚಿತ್ರಕ್ಕೆ 75 ರೂಪಾಯಿ ನಿಗದಿ ಮಾಡಿತು. ಬೇಕೆಂದಾಗ ಕೊಟ್ಟು ಬೇಡವೆಂದಾಗ ಸುಮ್ಮನಿರಬಹುದಾದ ಈ ಕ್ರಮ ಬೈತಖೋಲ್‌ನಂಥ ಬಂದರಿನ ಕೇರಿಗಳಿಗೆ ಹೆಚ್ಚು ಒಗ್ಗುವಂಥದು. ಕರ್ನಾಟಕವೂ 2025ರ ಮಾರ್ಚ್‌ನ ಬಜೆಟ್ಟಿನಲ್ಲಿ ಸರ್ಕಾರಿ ಒಟಿಟಿಯೊಂದನ್ನು ಘೋಷಿಸಿದೆ. ದೊಡ್ಡ ಕಂಪನಿಗಳು ಲಾಭವಿಲ್ಲವೆಂದು ಕೈಬಿಟ್ಟ ಕನ್ನಡದ ಸಣ್ಣ ಚಿತ್ರಗಳಿಗೂ ಕೊಂಕಣಿಗೂ ಅದರಲ್ಲಿ ಜಾಗ ಸಿಗದಿದ್ದರೆ, ಸರ್ಕಾರ ಈ ವ್ಯಾಪಾರಕ್ಕೆ ಇಳಿಯಬೇಕಾದ ಕಾರಣವೇ ಇಲ್ಲ.